ಮೂರು ಬೀಗ, ಒಂದು ‘ಹೂಂ’

“ನನ್ನ ಕೈಲಿ ತೆಗೆಯೋಕಾಗದ ಬೀಗ ಇನ್ನೂ ಹುಟ್ಟಿಲ್ಲ. ನಾನು ಹಾಕಿದ ಬೀಗ ತೆಗೆಯೋ ಕಳ್ಳ ಹುಟ್ಟೋದೂ ಇಲ್ಲ!”

ಬೀಗದಣ್ಣ ಈ ಮಾತನ್ನು ಮೂವತ್ತೊಂದು ವರ್ಷಗಳಿಂದ ಹೇಳುತ್ತಲೇ ಬಂದಿದ್ದಾನೆ. ಬೀದಿಯ ತಿರುವಿನಲ್ಲಿರುವ ಅವನ ಬೀಗ ರಿಪೇರಿ ಅಂಗಡಿಗೆ ಬಂದವರು ಬೀಗದಕೈಗೆ ಕಾಸು ಕೊಡಬೇಕು. ಈ ಮಾತು ಮಾತ್ರ ಪುಕ್ಕಟೆ. ಇದರ ಜೊತೆಗೆ ಇನ್ನೆರಡು ಉಪದೇಶಗಳೂ ಪುಕ್ಕಟೆಯೇ. ಒಂದು, “ಒಂದೇ ಬೀಗದಕೈ ಇಟ್ಕೊಂಡೋನು ಇವತ್ತಲ್ಲ ನಾಳೆ ಬೀದಿಯಲ್ಲಿ ನಿಲ್ತಾನೆ. ಎರಡನೇದು ಮಾಡಿಸಿ, ಬೇರೆ ಕಡೆ ಇಡಿ.” ಇನ್ನೊಂದು, “ಮೊದಲನೇ ಬೀಗ ನೆಂಟರಿಗೆ, ಎರಡನೇದು ಕಳ್ಳರಿಗೆ, ಮೂರನೇದು ನಮ್ಮ ನಿದ್ದೆಗೆ.” ಈ ತತ್ವದ ಪ್ರಕಾರ ಅವನ ಮನೆಯ ಮುಂಬಾಗಿಲಿಗೂ ಮೂರು ಬೀಗಗಳಿವೆ. ಅವನ ಹೆಂಡತಿ ಬಸ್ಸು ಹಿಡಿಯಬೇಕಾದರೆ ಆ ಮೂರನ್ನು ಹಾಕುವುದಕ್ಕೆಂದೇ ಹತ್ತು ನಿಮಿಷ ಮೊದಲು ಹೊರಡುತ್ತಾಳೆ.

ಇಂಥ ಮಹಾಶೂರನಿಗೂ ಒಂದು ದೌರ್ಬಲ್ಯ ಇತ್ತು. ಯಾರು ಏನು ಕೇಳಿದರೂ “ಹೂಂ” ಎನ್ನುವುದು! ಬೀಗದ ತೂತಿಗೆ ತಂತಿ ತೂರಿಸಿ, ಒಳಗಿನ ಸದ್ದಿಗೆ ಕಿವಿಗೊಟ್ಟು ಕೂತವನಿಗೆ ಲೋಕದ ಉಳಿದ ಪ್ರಶ್ನೆಗಳೆಲ್ಲ ಒಂದೇ. “ರೀ, ಬರ್ತಾ ತರಕಾರಿ ತರ್ತೀರಾ?” ಹೂಂ. “ನಮ್ಮಕ್ಕ ಬಂದು ಹದಿನೈದು ದಿವಸ ಇರ್ತಾಳಂತೆ, ಬಾ ಅನ್ಲಾ?” ಹೂಂ. “ಇದೊಂದನ್ನ ಈ ಮೊಳೆಗೆ ನೇತುಹಾಕಿರ್ತೀನಿ, ತೆಗೀಬೇಡಿ, ಆಯ್ತಾ?” ಹೂಂ. ತರಕಾರಿ ಬರುತ್ತಿರಲಿಲ್ಲ, ಅಕ್ಕ ಮಾತ್ರ ಬರುತ್ತಿದ್ದಳು. ಬಾಗಿಲಲ್ಲಿ ಪೆಟ್ಟಿಗೆ ಇಳಿಸಿದ ಅಕ್ಕನನ್ನು ಕಂಡು ಅವನು ಕಣ್ಣರಳಿಸಿದರೆ ಹೆಂಡತಿ ಒಳಗಿನಿಂದಲೇ ಹೇಳುತ್ತಿದ್ದಳು, “ನೀವೇ ಹೂಂ ಅಂದಿದ್ದು!”

ಹೆಂಡತಿಯದು ಹೆಣಿಗೆಯ ಕಸುಬು. ಮನೆಯ ಮುಂದಿನ ಕೋಣೆಯಲ್ಲಿ ಹತ್ತಾರು ಹೆಂಗಸರಿಗೆ ಸ್ವೆಟರು, ಶಾಲು, ಕಾಲುಚೀಲ ಹೆಣೆಯುವುದನ್ನು ಕಲಿಸುತ್ತಿದ್ದಳು. ಆರು ವರ್ಷಗಳಿಂದ ಅವಳು ಕಂಪ್ಯೂಟರಿನ ಮುಂದೆ ಕೂತು ಒಂದು ಪುಸ್ತಕ ಮಾಡುತ್ತಿದ್ದಳು. ಇನ್ನೂರ ಹನ್ನೆರಡು ಹೆಣಿಗೆ ನಮೂನೆಗಳು! ಅಮ್ಮನಿಂದ ಕಲಿತವು, ಸ್ವಂತವಾಗಿ ಹೊಳೆದವು, ಬಸ್ಸಿನಲ್ಲಿ ಮುಂದಿನ ಸೀಟಿನವಳ ಬೆನ್ನು ನೋಡಿ ಕದ್ದವು, ಎಲ್ಲವನ್ನೂ ಒಂದೊಂದೇ ಚೌಕ ತುಂಬಿ ಚಿತ್ರ ಬರೆದಿದ್ದಳು. ಪುಸ್ತಕ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಪ್ರೆಸ್ಸಿಗೆ ಹೋಗಬೇಕಿತ್ತು. “ತಪ್ಪಿದ್ರೆ ಶಾಲಾ ಪುಸ್ತಕಗಳ ಕೆಲಸ ಶುರುವಾಗುತ್ತೆ ಮೇಡಂ, ಆಮೇಲೆ ನಿಮ್ಮದು ಮುಂದಿನ ವರ್ಷಕ್ಕೇ” ಎಂದು ಪ್ರೆಸ್ಸಿನವರು ಖಡಾಖಂಡಿತವಾಗಿ ಹೇಳಿದ್ದರು.

ಅದೇ ಹೊತ್ತಿಗೆ ಅಕ್ಕನ ಕಣ್ಣಿಗೆ ಪೊರೆಯ ಆಪರೇಷನ್ ಆಯಿತು. ಕಣ್ಣಿಗೆ ಔಷಧಿ ಬಿಡಲು ಜನ ಬೇಕು. ಶುಕ್ರವಾರ ಬೆಳಿಗ್ಗೆ ಹೆಂಡತಿ ಚೀಲ ಹಿಡಿದು ಹೊರಟಳು.

“ಭಾನುವಾರ ಬೆಳಿಗ್ಗೆ ಬಂದುಬಿಡ್ತೀನಿ. ಪುಸ್ತಕ ಎಲ್ಲಾ ಕಂಪ್ಯೂಟರಲ್ಲಿ ಸಿದ್ಧವಾಗಿದೆ. ದಯವಿಟ್ಟು ಅದನ್ನ ಮುಟ್ಟಬೇಡಿ. ಕೇಳಿಸ್ತಾ?”

“ಹೂಂ” ಎಂದ ಬೀಗದಣ್ಣ. ಅವನ ಕೈಯಲ್ಲಿ ಆಗ ಪಕ್ಕದ ಮನೆಯವರ ಕಪಾಟಿನ ಬೀಗ ಇತ್ತು.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನ ಕಣ್ಣು ಕಂಪ್ಯೂಟರಿನ ಮೇಲೆ ಬಿತ್ತು. ಎದೆಯೊಳಗೆ ಏನೋ ಚುರುಕ್ ಎಂದಿತು. ಆರು ವರ್ಷದ ಸಂಪತ್ತು ಇದರೊಳಗಿದೆ. ಇದಕ್ಕೆ ಬೀಗವೆಲ್ಲಿ? ಕಪಾಟಿಗೆ ಇದೆ, ಪೆಟ್ಟಿಗೆಗೆ ಇದೆ, ಸ್ನಾನದ ಮನೆಯ ಕಿಟಕಿಗೂ ಇದೆ. ಹೆಂಡತಿಯ ಜೀವದಂಥ ವಸ್ತುವಿಗೆ ಮಾತ್ರ ಇಲ್ಲ! ಲೋಕಕ್ಕೆಲ್ಲ ಬೀಗ ಹಾಕಿದವನ ಮನೆಯಲ್ಲಿ ಇದೆಂಥ ಅವಮಾನ? ಅವಳು ಬರುವಷ್ಟರಲ್ಲಿ ಕಂಪ್ಯೂಟರಿಗೆ ಭದ್ರವಾದ ಮೂರು ಬೀಗ ಜಡಿದು ಅವಳನ್ನು ಬೆರಗುಗೊಳಿಸುತ್ತೇನೆ ಎಂದು ಅನ್ನದ ತಟ್ಟೆಯ ಮುಂದೆಯೇ ಶಪಥ ಮಾಡಿದ. ಪ್ರೀತಿಯಿಂದಲೇ ಮಾಡಿದ, ಪಾಪ. ಆದರೆ ಅವನ ಪ್ರೀತಿಗೆ ಮೂರು ಬೀಗಕ್ಕಿಂತ ಬೇರೆ ಭಾಷೆ ಬರುತ್ತಿರಲಿಲ್ಲ.

ಕಂಪ್ಯೂಟರಿನಲ್ಲಿ ಮೊದಲೇ ಒಬ್ಬ ಕಾವಲುಗಾರನಿದ್ದ, ವೈರಸ್ ತಡೆಯುವ ತಂತ್ರಾಂಶ. ಕೊಂಡಾಗಲೇ ಜೊತೆಗೆ ಬಂದವನು. ಪರದೆಯ ಮೂಲೆಯಲ್ಲಿ ಒಂದು ಹಸಿರು ಗುರುತು ಹಚ್ಚಿಕೊಂಡು, ಯಾರ ಗೋಜಿಗೂ ಹೋಗದೆ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿದ್ದವನು. ಬೀಗದಣ್ಣ ಅವನನ್ನು ಕಂಡು ಮೂಗು ಮುರಿದ. “ಸದ್ದಿಲ್ಲ ಗದ್ದಲವಿಲ್ಲ, ಇವನೆಂಥ ಕಾವಲುಗಾರ? ಇದು ನೆಂಟರಿಗೆ ಹಾಕೋ ಬೀಗ” ಎಂದು ತೀರ್ಪು ಕೊಟ್ಟ.

ಎರಡನೆಯದನ್ನು ಅಂತರ್ಜಾಲದಲ್ಲಿ ಹುಡುಕಿ ಹಾಕಿದ. ಅದು ಒಳಗೆ ಬಂದದ್ದೇ ತಡ, ಮೊದಲನೆಯದರ ಜೊತೆ ಜಗಳಕ್ಕೆ ನಿಂತಿತು. ಇದು ಅದನ್ನು ಕಳ್ಳ ಎಂದಿತು, ಅದು ಇದನ್ನು ಕಳ್ಳ ಎಂದಿತು. ಎರಡೂ ಒಂದೇ ಬಾಗಿಲಲ್ಲಿ ನಿಂತು ಒಂದನ್ನೊಂದು ತಪಾಸಣೆ ಮಾಡುವ ಗಲಾಟೆಯಲ್ಲಿ ಕಂಪ್ಯೂಟರು ಏದುಸಿರು ಬಿಡತೊಡಗಿತು. ಬೀಗದಣ್ಣನಿಗೆ ಇದು ತುಂಬಾ ಹಿಡಿಸಿತು. ಕಾವಲು ಎಂದರೆ ಹೀಗೆ ಗದ್ದಲವಾಗಿರಬೇಕು!

ಇನ್ನು ಉಳಿದದ್ದು ನಿದ್ದೆಯ ಬೀಗ. ಅದಕ್ಕಾಗಿ ಅವನು ಹುಡುಕಬೇಕಾಗಲೇ ಇಲ್ಲ. ಅದೇ ಅವನನ್ನು ಹುಡುಕಿಕೊಂಡು ಬಂತು. ಯಾವುದೋ ಪುಟ ತೆರೆದಾಗ ಪರದೆ ಕೆಂಪಗೆ ಮಿನುಗಿ, “ಎಚ್ಚರಿಕೆ! ನಿಮ್ಮ ಕಂಪ್ಯೂಟರಿನೊಳಗೆ ಈಗಾಗಲೇ ನಲವತ್ತೇಳು ಕಳ್ಳರಿದ್ದಾರೆ! ಮಹಾರಕ್ಷಕನನ್ನು ಉಚಿತವಾಗಿ ಪಡೆಯಿರಿ!” ಎಂದು ಕೂಗಿತು. ಬೇರೆಯವರಾಗಿದ್ದರೆ ಒಂದಿಷ್ಟು ಅನುಮಾನ ಪಡುತ್ತಿದ್ದರೇನೋ. ಆದರೆ ಆ ಬರಹದ ಕೆಳಗೆ ಒಂದು ಬೀಗದ ಚಿತ್ರ ಇತ್ತು. ಎಂಥ ಬೀಗ ಅಂತೀರಿ! ಅಪ್ಪಟ ಹಿತ್ತಾಳೆಯದು, ದಪ್ಪ ಕೊಂಡಿಯದು, ಬೀಗದಕೈಯ ತೂತಿಗೆ ಮುಚ್ಚಳ ಇರುವಂಥದು. ಇಂಥ ಕೆಲಸಗಾರಿಕೆಯನ್ನು ಬೀಗದಣ್ಣ ಇಪ್ಪತ್ತು ವರ್ಷಗಳಿಂದ ಕಂಡಿರಲಿಲ್ಲ. ಕನ್ನಡಕ ಸರಿಪಡಿಸಿಕೊಂಡು ಆ ಬೀಗವನ್ನು ಮೇಲಿಂದ ಕೆಳಗೆ ನೋಡಿದ. ಸುತ್ತಲಿನ ಅಕ್ಷರಗಳನ್ನು ನೋಡಲಿಲ್ಲ. “ಇಷ್ಟು ಒಳ್ಳೆ ಬೀಗದ ಚಿತ್ರ ಹಾಕಿದಾರೆ ಅಂದ್ರೆ ಮರ್ಯಾದಸ್ಥ ಕಂಪನಿಯೇ” ಎಂದುಕೊಂಡ.

ಮಹಾರಕ್ಷಕ ಒಳಗೆ ಬರುವ ಮುಂಚೆ ಕಂಪ್ಯೂಟರು ನಾಲ್ಕು ಪ್ರಶ್ನೆ ಕೇಳಿತು. ಆ ಬಡಪಾಯಿ ತನ್ನ ಕರ್ತವ್ಯವನ್ನು ಮಾಡಿತು ಎಂದು ನಾವು ಒಪ್ಪಿಕೊಳ್ಳಲೇಬೇಕು.

“ಇದನ್ನು ಇಳಿಸಿಕೊಳ್ಳಬೇಕೇ?” ಹೂಂ.

“ಇದನ್ನು ಯಾರು ಮಾಡಿದ್ದೆಂದು ತಿಳಿಯದು. ಆದರೂ ನಿಮ್ಮ ಕಂಪ್ಯೂಟರಿನಲ್ಲಿ ಬದಲಾವಣೆ ಮಾಡಲು ಬಿಡುತ್ತೀರಾ?” ಹೂಂ.

“ಉಳಿದ ಕಾವಲುಗಾರರನ್ನು ಹೊರಗೆ ಕಳಿಸಬೇಕೇ?” ಹೂಂ.

“ನಿಮ್ಮ ವಿಳಾಸಪಟ್ಟಿಯಲ್ಲಿರುವ ಎಲ್ಲರಿಗೂ ಕಾಗದ ಬರೆಯಲು ಇದಕ್ಕೆ ಅಪ್ಪಣೆಯೇ?” ಹೂಂ, ಹೂಂ, ಆಗಲಿ!

ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದೆಂದರೆ ಇದೇ. ಬೀಗದಣ್ಣ ಮಾರಿಗೆ ಕಾಲು ತೊಳೆಯಲು ನೀರನ್ನೂ ಕೊಟ್ಟು, ಕುರ್ಚಿ ಹಾಕಿ ಕೂರಿಸಿದ. ಮೂಲೆಯಲ್ಲಿದ್ದ ಹಸಿರು ಗುರುತು ಮೆಲ್ಲಗೆ ಮಾಯವಾಯಿತು.

ಅರ್ಧ ಗಂಟೆ ಕಂಪ್ಯೂಟರಿನ ಫ್ಯಾನು ಬಿರುಗಾಳಿಯಂತೆ ಸದ್ದು ಮಾಡಿತು. ಆಮೇಲೆ ಪರದೆಯ ತುಂಬ ದೊಡ್ಡ ಅಕ್ಷರಗಳು ಮೂಡಿದವು: “ನಿಮ್ಮ ಎಲ್ಲ ಕಡತಗಳಿಗೂ ಬೀಗ ಹಾಕಲಾಗಿದೆ.”

ಬೀಗದಣ್ಣ ಚಪ್ಪಾಳೆ ತಟ್ಟಿದ! “ಭೇಷ್! ಎಲ್ಲಕ್ಕೂ ಹಾಕ್ಬಿಟ್ಟಿತಲ್ಲ! ಒಂದನ್ನೂ ಬಿಟ್ಟಿಲ್ಲ!” ಎಂದು ಎದ್ದು ಹೋಗಿ, ತನಗೆ ತಾನೇ ಒಂದು ಲೋಟ ಚಹಾ ಮಾಡಿಕೊಂಡು, ಅದಕ್ಕೆ ಒಂದು ಚಮಚ ಸಕ್ಕರೆ ಹೆಚ್ಚಿಗೇ ಹಾಕಿಕೊಂಡು, ವಾಪಸು ಬಂದು ಕೂತು, ಎರಡು ಗುಟುಕು ಕುಡಿದು, ಆಮೇಲೆ ಎರಡನೇ ಸಾಲನ್ನು ಓದಿದ.

“ಬೀಗದಕೈ ನಮ್ಮ ಬಳಿ ಇದೆ. ಬೇಕಾದರೆ ಹಣ ಕಳಿಸಿ.”

ಬೀಗದಣ್ಣ ಚಹಾದ ಲೋಟವನ್ನು ಕೆಳಗಿಟ್ಟ.

ಮೊದಲು ಅವನಿಗೆ ಬಂದದ್ದು ಭಯವಲ್ಲ, ಕಸುಬಿನ ಸಿಟ್ಟು. “ಏನು? ನನ್ನ ಮನೆ ಬೀಗದಕೈ ನನಗೇ ಮಾರ್ತೀರಾ? ನನಗೆ?” ಎಂದು ಪರದೆಗೆ ಬೆರಳು ತೋರಿಸಿ ಕೂಗಾಡಿದ. ಹೆಂಡತಿಯ ಪುಸ್ತಕವನ್ನು ತೆರೆಯಲು ನೋಡಿದ. ಇನ್ನೂರ ಹನ್ನೆರಡು ನಮೂನೆಗಳ ಹೆಸರಿನ ಹಿಂದೆಯೂ ಅರ್ಥವಿಲ್ಲದ ಬಾಲಗಳು ಅಂಟಿಕೊಂಡಿದ್ದವು, ಒಂದೂ ತೆರೆಯಲಿಲ್ಲ. ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದ. ಪೆಟ್ಟಿಗೆಯ ತಲೆಗೆ ಮೃದುವಾಗಿ ತಟ್ಟಿದ. ಜಾಮ್ ಆದ ಬೀಗಕ್ಕೆ ಮಾಡುವಂತೆ ನಾಲ್ಕು ತೊಟ್ಟು ಎಣ್ಣೆ ಬಿಡಲು ಡಬ್ಬಿಯನ್ನೂ ತಂದಿದ್ದ; ಪುಣ್ಯಕ್ಕೆ ಎಲ್ಲಿ ಬಿಡಬೇಕೆಂದು ತಿಳಿಯಲಿಲ್ಲ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಬೀಗದಣ್ಣ ತೂತೇ ಇಲ್ಲದ ಒಂದು ಬೀಗದ ಮುಂದೆ ಕೂತಿದ್ದ.

ಸಂಜೆ ಹೆಂಡತಿಯ ಫೋನು ಬಂತು. “ಊಟ ಮಾಡಿದ್ರಾ? ಮನೆಯಲ್ಲಿ ಎಲ್ಲಾ ಸರಿಯಾಗಿದೆ ತಾನೆ?”

“ಹೂಂ.”

ಜೀವಮಾನದಲ್ಲಿ ಅವನು ಹೇಳಿದ ಲಕ್ಷಾಂತರ ‘ಹೂಂ’ಗಳಲ್ಲಿ ಇಷ್ಟು ಭಾರದ್ದು ಇನ್ನೊಂದಿರಲಿಲ್ಲ. ಆ ರಾತ್ರಿ ಮೂರು ಬೀಗಗಳೂ ಬಾಗಿಲಲ್ಲಿ ಭದ್ರವಾಗಿದ್ದವು. ನಿದ್ದೆ ಮಾತ್ರ ಬರಲಿಲ್ಲ.

ಶನಿವಾರ ಬೆಳಿಗ್ಗೆ ಕಂಪ್ಯೂಟರಿನ ಪೆಟ್ಟಿಗೆಯನ್ನು ಹೆಂಡತಿಯ ಹಳೆಯ ಶಾಲಿನಲ್ಲಿ ಸುತ್ತಿ, ಕಾಯಿಲೆಯ ಕೂಸನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ಅವನು ಹೊರಟ. ಅವನ ಅಂಗಡಿಯಿಂದ ನಾಲ್ಕನೆಯದೇ ಕಂಪ್ಯೂಟರ್ ರಿಪೇರಿ ಅಂಗಡಿ. ಅದನ್ನು ನಡೆಸುವವಳು ನಲವತ್ತು ದಾಟಿದ ಹೆಂಗಸು. ಕಿವಿಯ ಹಿಂದೆ ಯಾವಾಗಲೂ ಒಂದು ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿರುತ್ತಾಳೆ. ಎರಡು ವರ್ಷದ ಹಿಂದೆ ಅವಳು ಅಂಗಡಿಯ ಒಂದೇ ಒಂದು ಬೀಗದಕೈಯನ್ನು ಕಳೆದುಕೊಂಡಿದ್ದಳು. ಬೀಗದಣ್ಣ ಬೀಗ ತೆಗೆದದ್ದು ಅರ್ಧ ನಿಮಿಷದಲ್ಲಿ, ಎರಡನೇ ಬೀಗದಕೈಯ ಬಗ್ಗೆ ಉಪದೇಶ ಮಾಡಿದ್ದು ಅರ್ಧ ಗಂಟೆ. ಅವಳು ಅದನ್ನು ಮರೆತಿರಲಿಲ್ಲ.

“ಏನಾಯ್ತಣ್ಣಾ?”

“ತಂಗೀ, ಏನೂ ಇಲ್ಲ. ಒಂದು ಸಣ್ಣ ಬೀಗ ತೆಗೀಬೇಕಿತ್ತು.”

“ನಿಮಗೆ? ಬೀಗ? ನಾನು?” ಅವಳ ಮುಖ ಅರಳಿತು. ಪೆಟ್ಟಿಗೆಯನ್ನು ಜೋಡಿಸಿ, ಪರದೆ ನೋಡಿದ ಕೂಡಲೇ ಆ ಅರಳಿದ ಮುಖ ಗಂಭೀರವಾಯಿತು. “ಅಯ್ಯೋ ಅಣ್ಣಾ, ಇದು ಟ್ರೋಜನ್. ಇದನ್ನ ಯಾರು ಒಳಗೆ ಬಿಟ್ಟಿದ್ದು?”

“ಯಾರೂ ಬಿಟ್ಟಿಲ್ಲ. ಒಡೆದುಕೊಂಡು ಬಂದಿರಬೇಕು.”

“ಟ್ರೋಜನ್ ಒಡೆದುಕೊಂಡು ಬರಲ್ಲಣ್ಣಾ, ಅದೇ ಅದರ ಗುಣ. ಹಿಂದೆ ಯಾವುದೋ ಕೋಟೆಯ ಮುಂದೆ ಶತ್ರುಗಳು ಒಂದು ದೊಡ್ಡ ಮರದ ಕುದುರೆ ಮಾಡಿ ಬಿಟ್ಟು ಹೋದ್ರಂತೆ. ಊರವರು ಉಡುಗೊರೆ ಅಂದ್ಕೊಂಡು ತಾವೇ ಒಳಗೆ ಎಳ್ಕೊಂಡ್ರು. ಕುದುರೆ ಹೊಟ್ಟೆಯಲ್ಲಿ ಸೈನಿಕರಿದ್ರು. ಆ ಊರಿನ ಹೆಸರೇ ಇದಕ್ಕೆ ಬಂದಿರೋದು.”

ಬೀಗದಣ್ಣ ಸ್ವಲ್ಪ ಯೋಚಿಸಿದ. “ಅಂದ್ರೆ ಬಾಗಿಲನ್ನ ಒಳಗಿನವರೇ ತೆಗೆದ್ರು?”

“ಹೌದು.”

“ಹಾಗಾದ್ರೆ ಬೀಗದ ತಪ್ಪೇನಿಲ್ಲ.”

“ಬೀಗದ ತಪ್ಪಿಲ್ಲ, ಬೀಗದಣ್ಣನ ತಪ್ಪು! ಒಳ್ಳೆ ಕಾವಲುಗಾರ ಮೊದಲೇ ಇದ್ದ. ಒಬ್ಬನೇ ಸಾಕು. ಇನ್ನೊಬ್ಬನನ್ನ ತಂದು ಇಬ್ಬರಿಗೂ ಜಗಳ ಹಚ್ಚಿದ್ರಿ. ಮೂರನೆಯವನು ಕಾವಲುಗಾರನ ವೇಷ ಹಾಕ್ಕೊಂಡು ಬಂದ ಕಳ್ಳ. ಅವನು ಬಂದು ಮಾಡಿದ ಮೊದಲನೇ ಕೆಲಸವೇ ಆ ಇಬ್ಬರನ್ನೂ ಓಡಿಸಿದ್ದು. ಅದಕ್ಕೂ ನಿಮ್ಮನ್ನ ಕೇಳೇ ಇರ್ತಾನೆ. ಏನಂದ್ರಿ?”

ಬೀಗದಣ್ಣ ಬಾಯಿಗೆ ಬೀಗ ಹಾಕಿಕೊಂಡು ನಿಂತ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರಬೇಕು? ಆ ಬೇಲಿಯನ್ನು ಹೊತ್ತು ತಂದು ನೆಟ್ಟವನೂ ಅವನೇ.

“ದುಡ್ಡು ಕೊಟ್ರೆ ಬೀಗದಕೈ ಕೊಡ್ತಾರಂತಲ್ಲ?” ಎಂದು ಕ್ಷೀಣವಾಗಿ ಕೇಳಿದ.

“ಕಳ್ಳನ ಮಾತು ನಂಬ್ತೀರಾ? ಕೊಟ್ರೂ ಕೊಡ್ತಾರೆ ಅನ್ನೋ ಖಾತ್ರಿ ಏನು? ಒಂದು ಪೈಸೆ ಕಳಿಸಬೇಡಿ.” ಅವಳು ಸ್ಕ್ರೂಡ್ರೈವರನ್ನು ಕಿವಿಯ ಹಿಂದಿನಿಂದ ತೆಗೆದು, ಮೇಷ್ಟ್ರು ಬೆತ್ತ ಹಿಡಿದಂತೆ ಹಿಡಿದಳು. “ಮೊದಲು ಇದಕ್ಕೆ ಇಂಟರ್ನೆಟ್ ತಗಲಬಾರದು, ತಗಲಿದ್ರೆ ಒಳಗಿರೋ ಕಳ್ಳ ಹೊರಗಿರೋ ಕಳ್ಳನ ಜೊತೆ ಮಾತಾಡ್ತಾನೆ. ಆಮೇಲೆ, ಇದನ್ನ ಇದರಿಂದಲೇ ಶುರು ಮಾಡಬಾರದು. ಕಳ್ಳ ಎದ್ದು ಕೂರ್ತಾನೆ. ಬೇರೆ ಶುದ್ಧವಾದ ಪೆನ್‌ಡ್ರೈವಿಂದ ಶುರು ಮಾಡಿ, ಹುಡುಕಿ, ಒಳಗಿರೋದನ್ನೆಲ್ಲ ಪೂರ್ತಿ ಅಳಿಸಿ, ಎಲ್ಲಾ ಹೊಸದಾಗಿ ಹಾಕಬೇಕು. ಅತ್ತಿಗೆಯ ಪಾಸ್‌ವರ್ಡ್‌ಗಳನ್ನೆಲ್ಲ ಬೇರೆ ಕಂಪ್ಯೂಟರಿಂದ ಬದಲಾಯಿಸಬೇಕು. ಕಂಪ್ಯೂಟರು ಬದುಕುತ್ತೆ, ಚಿಂತೆ ಇಲ್ಲ.”

“ಒಳಗಿರೋ ಪುಸ್ತಕ?”

ಅವಳ ದನಿ ಮೆತ್ತಗಾಯಿತು. “ಈ ಬೀಗ ನನ್ನ ಕೈಲಿ ತೆಗೆಯೋಕಾಗಲ್ಲಣ್ಣಾ. ಯಾರ ಕೈಲೂ ಕಷ್ಟ. ಬೇರೆ ಕಡೆ ಇನ್ನೊಂದು ಪ್ರತಿ ಇದ್ರೆ ಮಾತ್ರ... ನೀವೇ ಹೇಳ್ತಿದ್ರಲ್ಲ, ಎರಡನೇ ಬೀಗದಕೈ. ಅತ್ತಿಗೆಗೆ ಹೇಳಿರ್ಲಿಲ್ವಾ?”

ಹೆಂಡತಿಗೆ ಹೇಳಿದ್ದನೇ? ಲೋಕಕ್ಕೆಲ್ಲ ಹೇಳಿದ್ದ. ಮನೆಯಲ್ಲಿ ಊಟಕ್ಕೆ ಕೂತಾಗ, ಕೈ ತೊಳೆಯುವಾಗ, ಹೆಂಡತಿ ಕುಣಿಕೆ ಎಣಿಸುತ್ತಿರುವಾಗ ಅಡ್ಡ ಬಾಯಿ ಹಾಕಿ ಹೇಳಿದ್ದ. ಆದರೆ ಅವಳು ಮಾಡಿದ್ದಾಳೋ ಇಲ್ಲವೋ ಎಂದು ಒಂದು ದಿನವೂ ಕೇಳಿರಲಿಲ್ಲ. ಈಗ ಕೇಳಬೇಕೆಂದರೆ ಎಲ್ಲವನ್ನೂ ಒಪ್ಪಿಕೊಳ್ಳಬೇಕು. ಆರು ವರ್ಷ ಅವಳು ಬೆನ್ನು ಬಗ್ಗಿಸಿ ಚೌಕ ತುಂಬುತ್ತಿದ್ದದ್ದು ಕಣ್ಣಮುಂದೆ ಬಂತು. ಫೋನು ಕೈಗೆತ್ತಿಕೊಂಡ, ಮತ್ತೆ ಜೇಬಿಗೆ ಹಾಕಿದ. ಮೊದಲು ಕಳ್ಳನನ್ನಾದರೂ ಹೊರಗೆ ಹಾಕಿ ಆಮೇಲೆ ಹೇಳೋಣ ಎಂದುಕೊಂಡ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸದಲ್ಲೂ ಒಂದು ಸಮಾಧಾನ ಇರುತ್ತದೆ.

“ನನ್ನ ಎರಡು ಪೆನ್‌ಡ್ರೈವೂ ಬೇರೆ ಕಂಪ್ಯೂಟರಲ್ಲಿ ಕೂತಿವೆ, ಮಧ್ಯಾಹ್ನದವರೆಗೂ ಏಳಲ್ಲ. ನಿಮ್ಮ ಹತ್ರ ಯಾವುದಾದ್ರೂ ಇದೆಯಾ?” ಎಂದಳು ಅವಳು.

“ಇದೆ!” ಬೀಗದಣ್ಣನಿಗೆ ಸಣ್ಣ ಉತ್ಸಾಹ ಬಂತು. ಅವನ ಅಂಗಡಿಯ ಗೋಡೆಗೆ ಒಂದು ದೊಡ್ಡ ಹಲಗೆ. ಹಲಗೆಯ ತುಂಬ ಮೊಳೆ, ಮೊಳೆಯ ತುಂಬ ಬೀಗದಕೈ. ಅದರ ಕೊನೆಯ ಸಾಲು, ಮಾಡಿಸಲು ಕೊಟ್ಟು ಮರೆತು ಹೋದವರದು. ಆ ಸಾಲಿನ ತುದಿಯ ಮೊಳೆಗೆ ವರ್ಷಗಳಿಂದ ಒಂದು ಪೆನ್‌ಡ್ರೈವ್ ನೇತಾಡುತ್ತಿದ್ದದ್ದನ್ನು ಅವನು ನೋಡಿದ್ದ. ಓಡಿ ಹೋಗಿ ತಂದ. ಅದಕ್ಕೆ ಕೆಂಪು ಉಣ್ಣೆಯ ದಾರ ಕಟ್ಟಿತ್ತು.

“ಇದರಲ್ಲಿ ಏನಾದ್ರೂ ಬೇಕಾಗಿದ್ದಿದೆಯಾ ಅಣ್ಣಾ? ಪೂರ್ತಿ ಅಳಿಸಬೇಕಾಗುತ್ತೆ.”

“ಹೂಂ, ಅಳಿಸು ಅಳಿಸು. ಯಾವನೋ ಮರೆತು ಹೋಗಿದ್ದು.”

ಅವಳು ಪೆನ್‌ಡ್ರೈವನ್ನು ತನ್ನ ಕಂಪ್ಯೂಟರಿಗೆ ಚುಚ್ಚಿ, ಒಂದೆರಡು ಕಡೆ ಒತ್ತಿದಳು. ಪರದೆಯ ಮೇಲೆ ಪುಟ್ಟ ಚೌಕ ಮೂಡಿತು: “ಇದರಲ್ಲಿರುವುದೆಲ್ಲ ಅಳಿಸಿ ಹೋಗುತ್ತದೆ. ಮುಂದುವರಿಯಬೇಕೇ?” ಅಷ್ಟರಲ್ಲಿ ಹೊರಗಿನಿಂದ ಯಾರೋ ಗಿರಾಕಿ ಕರೆದರು. “ಒಂದು ನಿಮಿಷ ಬಂದೆ. ಏನೂ ಮುಟ್ಟಬೇಡಿ ಅಣ್ಣಾ” ಎಂದು ಅವಳು ಎದ್ದು ಹೋದಳು.

ಏನೂ ಮುಟ್ಟಬೇಡಿ ಎಂದು ಎರಡು ದಿನಗಳಲ್ಲಿ ಇದು ಎರಡನೇ ಹೆಂಗಸು ಹೇಳಿದ್ದು. ಆದರೆ ಚೌಕವೊಂದು ಎದುರು ನಿಂತು ಪ್ರಶ್ನೆ ಕೇಳುತ್ತಿದೆ! ಕೇಳಿದವರನ್ನು ಕಾಯಿಸುವುದು ಬೀಗದಣ್ಣನ ಜಾಯಮಾನದಲ್ಲಿಲ್ಲ. ಪಾಪ, ಅವಳಿಗೂ ಒಂದು ಕೆಲಸ ಕಡಿಮೆಯಾಗಲಿ ಎಂದು ಮೌಸ್ ಹಿಡಿದ. ಬಾಣದ ಗುರುತನ್ನು ‘ಹೌದು’ ಎಂಬಲ್ಲಿಗೆ ತಂದ. ಬೆರಳು ಎತ್ತಿದ.

ಜೇಬಿನಲ್ಲಿದ್ದ ಫೋನು ಕಿರುಚಿತು. ಬೀಗದಣ್ಣ ಬೆಚ್ಚಿ, ಮೌಸ್ ಬಿಟ್ಟು, ಫೋನು ತೆಗೆದ. ಹೆಂಡತಿ!

“ರೀ, ಏನ್ರೀ ಇದು? ಅಕ್ಕನಿಗೆ ನನ್ನಿಂದ ಕಾಗದ ಬಂದಿದೆ!”

“ಬರಲಿ ಬಿಡು, ಒಳ್ಳೇದೇ ಅಲ್ವಾ?”

“ನಾನು ಅವಳ ಪಕ್ಕದಲ್ಲೇ ಕೂತಿದ್ದೀನಿ! ಕಣ್ಣಿಗೆ ಪಟ್ಟಿ ಕಟ್ಟಿದಾರೆ, ಮೊಬೈಲಲ್ಲಿ ಏನು ಬಂದಿದೆ ಓದು ಅಂದ್ಲು. ಓದಿದ್ರೆ, ‘ಪರಮಪ್ರಿಯ ಮಾನ್ಯ ಗೆಳತಿಯೇ, ಈ ಸುಂದರ ಚಿತ್ರವನ್ನು ತಕ್ಷಣ ತೆರೆದು ನೋಡು’ ಅಂತ ನಾನೇ ಬರೆದಿದ್ದೀನಿ! ಹುಟ್ಟಿದಾಗಿಂದ ಅವಳನ್ನ ಅಕ್ಕ ಅಂತ ಬಿಟ್ಟು ಬೇರೆ ಏನಾದ್ರೂ ಕರೆದಿದ್ದೀನಾ? ಅವಳು ನೋಡಿದ್ರೆ ಕಣ್ಣೀರು ಹಾಕ್ಕೊಂಡು, ‘ಎಷ್ಟು ಚೆನ್ನಾಗಿ ಬರೆದಿದ್ದೀಯೇ, ಆ ಚಿತ್ರ ತೆರಿ’ ಅಂತಾಳೆ. ಆಪರೇಷನ್ ಆದ ಕಣ್ಣು, ಅಳಬೇಡ ಅಂತ ಡಾಕ್ಟ್ರು ಹೇಳಿದಾರೆ! ನಾನು ತೆರೀಲಿಲ್ಲ. ನಿಜ ಹೇಳಿ, ಕಂಪ್ಯೂಟರ್ ಮುಟ್ಟಿದ್ರಾ?”

ಈ ಪ್ರಶ್ನೆಗೆ ಬೀಗದಣ್ಣ ಕೊಟ್ಟ ಉತ್ತರ ನಿಮಗೆ ಗೊತ್ತೇ ಇದೆ. ಆದರೆ ಈ ಸಲ ಅದರ ಹಿಂದೆ ಉಳಿದದ್ದೂ ಬಂತು. ನೆಂಟರ ಬೀಗ, ಕಳ್ಳರ ಬೀಗ, ನಿದ್ದೆಯ ಬೀಗ, ಹಿತ್ತಾಳೆಯ ಚಿತ್ರ, ಹೆಚ್ಚಿಗೆ ಹಾಕಿದ ಒಂದು ಚಮಚ ಸಕ್ಕರೆಯ ಸಮೇತ ಎಲ್ಲವನ್ನೂ ಒಪ್ಪಿಕೊಂಡ. ಕೊನೆಗೆ, “ನಿನ್ನ ಪುಸ್ತಕ ಹೋಯ್ತು ಕಣೇ. ನಾನೇ ಕಳೆದೆ” ಎಂದ.

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಾಯೆನಿಸುತ್ತಿತ್ತು.

“ನಿಮ್ಮ ಅಂಗಡಿ ಹಲಗೆ ಇದೆಯಲ್ಲ,” ಎಂದಳು ನಿಧಾನವಾಗಿ. “ಕೊನೇ ಸಾಲು, ತುದಿ ಮೊಳೆ. ಮೂವತ್ತೊಂದು ವರ್ಷದಿಂದ ಎರಡನೇ ಬೀಗದಕೈ, ಎರಡನೇ ಬೀಗದಕೈ ಅಂತ ನನ್ನ ಕಿವಿ ತೂತು ಮಾಡಿದ್ದೀರಲ್ಲ. ಅದಕ್ಕೇ ತಿಂಗಳಿಗೊಂದು ಸಲ ನಿಮಗೆ ಊಟ ತಂದಾಗ ಪುಸ್ತಕದ ಇನ್ನೊಂದು ಪ್ರತಿ ತಂದು ಅಲ್ಲಿ ನೇತುಹಾಕ್ತಾ ಇದ್ದೆ. ನಿಮ್ಮನ್ನ ಕೇಳೇ ಹಾಕಿದ್ದು. ತೆಗೀಬೇಡಿ ಅಂದಿದ್ದೆ, ಹೂಂ ಅಂದಿದ್ರಿ. ಕೆಂಪು ಉಣ್ಣೆ ದಾರ ಕಟ್ಟಿದೆ ನೋಡಿ.”

ಬೀಗದಣ್ಣ ಎದುರಿನ ಕಂಪ್ಯೂಟರನ್ನು ನೋಡಿದ. ಅದರ ಪಕ್ಕೆಯಿಂದ ಕೆಂಪು ಉಣ್ಣೆಯ ದಾರ ಇಳಿಬಿದ್ದಿತ್ತು. ಪರದೆಯ ಮೇಲೆ ಚೌಕ ಇನ್ನೂ ಕೇಳುತ್ತಲೇ ಇತ್ತು, ‘ಮುಂದುವರಿಯಬೇಕೇ?’ ಬಾಣದ ಗುರುತು ‘ಹೌದು’ ಎಂಬುದರ ನೆತ್ತಿಯ ಮೇಲೇ ಕೂತಿತ್ತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೌಸಿನಿಂದ ಎರಡು ಹೆಜ್ಜೆ ಹಿಂದೆ ಸರಿದು, ಅಂಗಡಿ ಹಾರಿ ಹೋಗುವಂತೆ ಕೂಗಿದ, “ತಂಗೀ! ಬೇಗ ಬಾ! ಬೇಡ ಅಂತ ಹೇಳು ಇದಕ್ಕೆ! ನನಗೆ ಬೇಡ ಅನ್ನೋಕೆ ಬರಲ್ಲ!”

ಅವಳು ಓಡಿ ಬಂದು ‘ಬೇಡ’ ಒತ್ತಿದಳು. ತೆರೆದು ನೋಡಿದರೆ ಮೂರು ಬಿಟ್ಟು ಉಳಿದ ಇನ್ನೂರ ಒಂಬತ್ತು ನಮೂನೆಗಳೂ ಸಾಲಾಗಿ, ಜೋಪಾನವಾಗಿ ಕೂತಿದ್ದವು. ಬೀಗದಣ್ಣನಿಗೆ ಹೋದ ಜೀವ ಬಂದಂತಾಯಿತು. ಅಲ್ಲೇ ಸ್ಟೂಲಿನ ಮೇಲೆ ಕೂತು, ಹೆಂಡತಿಯ ಶಾಲಿನಿಂದಲೇ ಕಣ್ಣೊರೆಸಿಕೊಂಡ. ನೋಡಿ ಎಂಥ ವಿಚಿತ್ರ! ಕಳ್ಳ ಊರಿಗೆಲ್ಲ ಕಾಗದ ಬರೆಯದಿದ್ದರೆ ಆ ಫೋನು ಬರುತ್ತಿರಲಿಲ್ಲ. ಫೋನು ಬಾರದಿದ್ದರೆ ಮನೆಯ ಯಜಮಾನನೇ ಉಳಿದದ್ದನ್ನೂ ಮುಗಿಸಿರುತ್ತಿದ್ದ.

ರಿಪೇರಿಯವಳು ಹೇಳಿದಂತೆಯೇ ಎಲ್ಲ ಮಾಡಿದಳು. ಪೆನ್‌ಡ್ರೈವಿನ ಪ್ರತಿಯನ್ನು ತನ್ನ ಕಂಪ್ಯೂಟರಿನಲ್ಲಿ ಇಳಿಸಿಟ್ಟುಕೊಂಡು, ಕೆಂಪು ದಾರದ ಆ ಪೆನ್‌ಡ್ರೈವನ್ನು ಜೋಪಾನವಾಗಿ ಪಕ್ಕಕ್ಕಿಟ್ಟಳು. ಮಧ್ಯಾಹ್ನ ತನ್ನ ಪೆನ್‌ಡ್ರೈವೊಂದು ಬಿಡುವಾದ ಮೇಲೆ ಅದರಿಂದ ಕಂಪ್ಯೂಟರನ್ನು ಶುರು ಮಾಡಿ, ಕಳ್ಳನ ಸಮೇತ ಎಲ್ಲವನ್ನೂ ಅಳಿಸಿ, ಹೊಸದಾಗಿ ಹಾಕಿ, ಒಬ್ಬನೇ ಒಬ್ಬ ಕಾವಲುಗಾರನನ್ನು ಕೂರಿಸಿದಳು. ಬೀಗದಣ್ಣ ಅವಳೆದುರೇ ಕೂತು ಹೆಂಡತಿಯ ಶಿಷ್ಯೆಯರಿಗೆಲ್ಲ ಒಬ್ಬೊಬ್ಬರಾಗಿ ಫೋನು ಮಾಡಿ, “ಸುಂದರ ಚಿತ್ರ ತೆರೀಬೇಡಿ, ತಪ್ಪು ನನ್ನದು” ಎಂದು ಹೇಳಿದ. ಕೊನೆಗೆ ಅವಳು ಅರ್ಧ ಗಂಟೆ ಉಪದೇಶ ಮಾಡಿದಳು. ಅವನು ತಲೆ ತಗ್ಗಿಸಿ ಕೇಳಿದ. ಎರಡು ವರ್ಷದ ಲೆಕ್ಕ ಚುಕ್ತವಾಯಿತು.

ಭಾನುವಾರ ಬೆಳಿಗ್ಗೆ ಹೆಂಡತಿ ಬಂದಳು. ಬೈಯಲಿಲ್ಲ. ಬಾಗಿಲಲ್ಲಿ ನಿಂತ ಗಂಡನ ಮುಖ ನೋಡಿಯೇ ಅವಳಿಗೆ ನಗು ಬಂದಿರಬೇಕು. ಕಳೆದ ತಿಂಗಳಿಂದೀಚೆಗೆ ಬರೆದ ಮೂರು ನಮೂನೆಗಳು ಮಾತ್ರ ಪ್ರತಿಯಲ್ಲಿರಲಿಲ್ಲ. ಹೆಣೆದ ತುಂಡುಗಳು ಪೆಟ್ಟಿಗೆಯಲ್ಲಿದ್ದವು. ಅವುಗಳನ್ನು ನೋಡಿ ಕುಣಿಕೆ ಎಣಿಸಿ ಹೇಳುವ ಕೆಲಸ ಗಂಡನದು, ಕೇಳಿ ಚೌಕ ತುಂಬುವ ಕೆಲಸ ಅವಳದು.

“ಎರಡು ಸೀದಾ, ಒಂದು ಉಲ್ಟಾ, ಎರಡು ಸೀದಾ...”

“ಮುಂದಿನದು? ಸೀದಾನಾ, ಉಲ್ಟಾನಾ?”

“ಹೂಂ.”

“ಹೂಂ ಅಂದ್ರೆ ಯಾವುದ್ರೀ!”

ಹೀಗೆ ಸಂಜೆಯಾಯಿತು. ಕನ್ನಡಕ ಹಣೆಗೇರಿಸಿ, ಉಣ್ಣೆಯ ತುಂಡನ್ನು ಮೂಗಿಗೆ ತಾಗಿಸಿಕೊಂಡು ಎಣಿಸುವಾಗ ಬೀಗದಣ್ಣನಿಗೆ ಮೊದಲ ಸಲ ಅರ್ಥವಾಯಿತು, ಇದು ಬೀಗಕ್ಕಿಂತ ಕಷ್ಟದ ಕೆಲಸ ಎಂದು. ಅದನ್ನು ಹೆಂಡತಿಗೆ ಬಾಯಿಬಿಟ್ಟು ಹೇಳಿಯೂಬಿಟ್ಟ. ಅವಳು ಏನೂ ಅನ್ನದೆ ಅವನಿಗೆ ಇನ್ನೊಂದು ಲೋಟ ಚಹಾ ತಂದುಕೊಟ್ಟಳು. ಸೋಮವಾರ ಹತ್ತಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಪುಸ್ತಕ ಪ್ರೆಸ್ಸಿನವರ ಮೇಜಿನ ಮೇಲಿತ್ತು.

ಅದಾದ ಮೇಲೆ ಬೀಗದಣ್ಣ ಸುಧಾರಿಸಿದ. ಯಾರಾದರೂ ಏನಾದರೂ ಕೇಳಿದರೆ ತಲೆಯೆತ್ತಿ, “ಏನಂದ್ರಿ? ಇನ್ನೊಂದ್ಸಲ ಹೇಳಿ” ಎನ್ನುತ್ತಿದ್ದ. ಅಂಗಡಿಗೆ ಬಂದವರಿಗೆ ನಾಲ್ಕನೇ ಉಪದೇಶವೂ ಸಿಗತೊಡಗಿತು: “ಓದದೆ ಯಾವುದಕ್ಕೂ ಒಪ್ಕೋಬೇಡಿ. ನನ್ನನ್ನ ನೋಡಿ ಕಲೀರಿ!” ಇದು ಹತ್ತು ದಿನ ನಡೆಯಿತು. ಹನ್ನೊಂದನೇ ದಿನ ಹೆಂಡತಿ ಪ್ರೆಸ್ಸಿನಿಂದ ಬಂದ ಕರಡು ಹಾಳೆ ಹಿಡಿದುಕೊಂಡು ಅಂಗಡಿಗೆ ಬಂದಳು. ಬೀಗದಣ್ಣ ಯಾರದೋ ಹಳೆಯ ತಿಜೋರಿಯ ಬಾಗಿಲಿಗೆ ಕಿವಿಯಿಟ್ಟು ಕೂತಿದ್ದ.

“ರೀ, ಪುಸ್ತಕದ ಅರ್ಪಣೆಯ ಪುಟ. ಓದಿ ನೋಡಿ ಸರಿಯಾಗಿದೆಯಾ ಹೇಳಿ. ಹೀಗೇ ಅಚ್ಚು ಹಾಕಿಸಲಾ?”

“ಹೂಂ.”

“ಓದಿದ್ರಾ?”

“ಹೂಂ.”

ಅವಳು ಒಂದು ಕ್ಷಣ ನಿಂತು, ಹಾಳೆ ಮಡಚಿಕೊಂಡು ಹೋದಳು.

ತಿಂಗಳಾದ ಮೇಲೆ ಪುಸ್ತಕ ಬಂತು. ಬೀಗದಣ್ಣ ಹತ್ತು ಪ್ರತಿಗಳನ್ನು ಅಂಗಡಿಯ ಮುಂದೆ, ಬೀಗಗಳ ನಡುವೆ ಜೋಡಿಸಿಟ್ಟು, ಬಂದವರಿಗೆಲ್ಲ “ನಮ್ಮ ಮನೆಯವಳು ಬರೆದದ್ದು!” ಎಂದು ಎದೆಯುಬ್ಬಿಸಿ ತೋರಿಸಿದ. ರಿಪೇರಿಯವಳೂ ಬಂದಳು. ಕಿವಿಯ ಹಿಂದಿನ ಸ್ಕ್ರೂಡ್ರೈವರಿನಿಂದಲೇ ಪುಟ ತಿರುವಿ, ಮೊದಲ ಹಾಳೆಯಲ್ಲಿ ನಿಂತು, ಸೇರಿದವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದಳು:

“ಎರಡನೇ ಬೀಗದಕೈಯನ್ನು ಬೇರೆ ಕಡೆ ಇಡಬೇಕೆಂದು ನನಗೆ ಕಲಿಸಿದ, ಈ ಪುಟವನ್ನೂ ಓದದೆಯೇ ‘ಹೂಂ’ ಎಂದ ನನ್ನ ಮನೆಯವರಿಗೆ, ಪ್ರೀತಿಯಿಂದ.”

ಅಂಗಡಿಯ ಮುಂದೆ ನಿಂತವರೆಲ್ಲ ಬೀಗದಣ್ಣನ ಕಡೆ ತಿರುಗಿದರು.

“ಅಣ್ಣಾ, ಇದು ನೀವೇನಾ?”

ಬೀಗದಣ್ಣ ಪುಸ್ತಕವನ್ನು ಇಸಿದುಕೊಂಡ. ಕನ್ನಡಕ ಸರಿಪಡಿಸಿಕೊಂಡು, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ, ಒಂದನ್ನೂ ಬಿಡದೆ, ಎರಡು ಸಲ ಓದಿದ. ಆಮೇಲೆ ತಲೆ ತಗ್ಗಿಸಿ ಹೇಳಿದ:

“ಹೂಂ.”